ಜೋಸೆಫ್ ಸ್ಟೋರಿ

ಜೋಸೆಫ್ ಸ್ಟೋರಿ (ಸೆಪ್ಟೆಂಬರ್ ೧೮, ೧೭೭೯ – ಸೆಪ್ಟೆಂಬರ್ ೧೦, ೧೮೪೫) ಅಮೆರಿಕದ ನ್ಯಾಯಶಾಸ್ತ್ರಜ್ಞ, ಗ್ರಂಥಕರ್ತ ಹಾಗೂ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ. ಒಂದು ರಾಜ್ಯದಲ್ಲಿ ಕೊಟ್ಟ ಮಾತು ಇನ್ನೊಂದು ರಾಜ್ಯದಲ್ಲಿಯೂ ಅಷ್ಟೇ ಬೆಲೆಯುಳ್ಳದ್ದಾಗಿರಬೇಕು, ಅದಕ್ಕೆ ಒಕ್ಕೂಟದ ನ್ಯಾಯಾಲಯಗಳ ಅಧಿಕಾರ ವ್ಯಾಪ್ತಿ ವಿಶಾಲವಾಗಿರಬೇಕು ಎಂಬುದು ಅವರ ತೀರ್ಪುಗಳಲ್ಲಿ ಕಾಣುವ ಮುಖ್ಯ ನಿಲುವು.

ಆರಂಭಿಕ ಜೀವನ

ಸ್ಟೋರಿ ಮ್ಯಾಸಚೂಸೆಟ್ಸ್‌ನ ಕಡಲತೀರದ ಊರಾದ ಮಾರ್ಬಲ್‌ಹೆಡ್‌ನಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆ ಎಲೈಶಾ ಸ್ಟೋರಿ ೧೭೭೩ರ ಬಾಸ್ಟನ್ ಚಹಾ ಪ್ರತಿಭಟನೆಯಲ್ಲಿ ಪಾಲ್ಗೊಂಡಿದ್ದರು. ೧೭೯೮ರಲ್ಲಿ ಹಾರ್ವರ್ಡ್‌ನಿಂದ ಪದವಿ ಪಡೆದ ಸ್ಟೋರಿ, ೧೮೦೧ರಲ್ಲಿ ಬಂದರು ಪಟ್ಟಣವಾದ ಸೇಲಂನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ೧೮೦೪ರಲ್ಲಿ ವಿವಾಹವಾದ ಮೊದಲ ಪತ್ನಿ ಕೆಲವೇ ತಿಂಗಳಲ್ಲಿ ನಿಧನರಾದರು. ಎರಡನೆಯ ವಿವಾಹದಿಂದ ಜನಿಸಿದ ಏಳು ಮಕ್ಕಳಲ್ಲಿ ಇಬ್ಬರು ಮಾತ್ರ ಬದುಕುಳಿದರು. ಅವರಲ್ಲಿ ಒಬ್ಬರಾದ ವಿಲಿಯಂ ವೆಟ್‌ಮೋರ್ ಸ್ಟೋರಿ ಮುಂದೆ ಶಿಲ್ಪಿಯಾಗಿ ಪ್ರಸಿದ್ಧರಾದರು.

ನ್ಯಾಯಪೀಠದಲ್ಲಿ

ಜಾರ್ಜಿಯಾ ರಾಜ್ಯವು ತಾನೇ ಮಾರಿದ ಯಾಜೂ ಭೂಮಿಯ ಮಾರಾಟವನ್ನು, ಅದರಲ್ಲಿ ಲಂಚ ನಡೆದಿತ್ತೆಂಬ ಕಾರಣಕ್ಕೆ, ಮರುವರ್ಷವೇ ರದ್ದುಪಡಿಸಿತ್ತು. ಇದರಿಂದ ಹುಟ್ಟಿದ ಫ್ಲೆಚರ್ ವಿರುದ್ಧ ಪೆಕ್ ಮೊಕದ್ದಮೆಯಲ್ಲಿ ಸ್ಟೋರಿ ಪೆಕ್ ಪರವಾಗಿ ವಾದಿಸಿದರು. ರಾಜ್ಯವೂ ತನ್ನ ಕರಾರನ್ನು ಮುರಿಯುವಂತಿಲ್ಲವೆಂದು ೧೮೧೦ರಲ್ಲಿ ತೀರ್ಪಾಯಿತು. ಮರುವರ್ಷ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸಿದರು. ಆಗ ೩೨ ವರ್ಷದವರಾಗಿದ್ದ ಸ್ಟೋರಿ ಆ ಪೀಠಕ್ಕೆ ನೇಮಕಗೊಂಡ ಅತಿ ಕಿರಿಯರು.

ವರ್ಜೀನಿಯಾದ ನ್ಯಾಯಾಲಯವೊಂದು ಸರ್ವೋಚ್ಚ ನ್ಯಾಯಾಲಯದ ಆದೇಶವನ್ನು ಪಾಲಿಸಲು ನಿರಾಕರಿಸಿದಾಗ, ೧೮೧೬ರ ಮಾರ್ಟಿನ್ ವಿರುದ್ಧ ಹಂಟರ್ಸ್ ಲೆಸೀ ತೀರ್ಪನ್ನು ಸ್ಟೋರಿ ಬರೆದರು. ಒಕ್ಕೂಟದ ಕಾನೂನಿಗೆ ಸಂಬಂಧಿಸಿದ ಪ್ರಶ್ನೆಗಳಲ್ಲಿ ರಾಜ್ಯ ನ್ಯಾಯಾಲಯಗಳ ತೀರ್ಪನ್ನು ಪರಿಶೀಲಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕಿದೆ ಎಂಬುದು ಇದರಿಂದ ಸ್ಥಿರವಾಯಿತು.

ಸ್ವಿಫ್ಟ್ ವಿರುದ್ಧ ಟೈಸನ್

ಮೇನ್ ರಾಜ್ಯದ ಭೂಮಿಯನ್ನು ಕೊಳ್ಳಲು ನ್ಯೂಯಾರ್ಕಿನ ಟೈಸನ್ ಒಂದು ಹುಂಡಿಯನ್ನು ಒಪ್ಪಿಕೊಂಡಿದ್ದರು. ಮಾರಿದವರಿಗೆ ಆ ಭೂಮಿಯ ಒಡೆತನವೇ ಇರಲಿಲ್ಲ. ಅಷ್ಟರಲ್ಲಿ ಹುಂಡಿಯು ಹಳೆಯ ಸಾಲದ ತೀರುವಳಿಗಾಗಿ, ಮೋಸದ ಅರಿವಿಲ್ಲದ ಸ್ವಿಫ್ಟ್ ಅವರ ಕೈ ಸೇರಿತ್ತು. ಹಳೆಯ ಸಾಲವು ತಕ್ಕ ಪ್ರತಿಫಲವಲ್ಲವೆಂದು ನ್ಯೂಯಾರ್ಕಿನ ತೀರ್ಪುಗಳನ್ನು ಮುಂದಿಟ್ಟು ಟೈಸನ್ ಹಣ ಕೊಡಲು ನಿರಾಕರಿಸಿದರು. ವಾದಿ ಪ್ರತಿವಾದಿಗಳು ಬೇರೆ ಬೇರೆ ರಾಜ್ಯದವರಾದ್ದರಿಂದ ಮೊಕದ್ದಮೆ ಒಕ್ಕೂಟದ ನ್ಯಾಯಾಲಯಕ್ಕೆ ಬಂದಿತು. ಸಾಮಾನ್ಯ ವಾಣಿಜ್ಯ ಕಾನೂನಿನ ವಿಷಯದಲ್ಲಿ ಒಕ್ಕೂಟದ ನ್ಯಾಯಾಲಯಗಳು ರಾಜ್ಯದ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬದ್ಧವಲ್ಲವೆಂದೂ, ಹಳೆಯ ಸಾಲವೂ ಪ್ರತಿಫಲವೇ ಎಂದೂ ಸ್ಟೋರಿ ೧೮೪೨ರಲ್ಲಿ ತೀರ್ಪಿತ್ತರು.

ಗುಲಾಮಗಿರಿಯ ಮೊಕದ್ದಮೆಗಳು

ಕಾನೂನುಬಾಹಿರವಾಗಿ ಸೆರೆಹಿಡಿದು ತರಲಾಗಿದ್ದ ಆಫ್ರಿಕನ್ನರನ್ನು ಬಿಡುಗಡೆ ಮಾಡಿದ ೧೮೪೧ರ ಅಮಿಸ್ಟಾಡ್ ತೀರ್ಪು ಸ್ಟೋರಿಯವರದು. ಆದರೆ ೧೮೪೨ರ ಪ್ರಿಗ್ ವಿರುದ್ಧ ಪೆನ್ಸಿಲ್ವೇನಿಯಾ ಮೊಕದ್ದಮೆಯಲ್ಲಿ, ಕಪ್ಪು ವರ್ಣದ ಮಹಿಳೆ ಮಾರ್ಗರೆಟ್ ಮಾರ್ಗನ್ ಮತ್ತು ಅವರ ಮಕ್ಕಳನ್ನು ಬಲವಂತವಾಗಿ ಒಯ್ದವನಿಗೆ ರಾಜ್ಯ ವಿಧಿಸಿದ್ದ ಶಿಕ್ಷೆಯನ್ನು ಅವರು ರದ್ದುಪಡಿಸಿದರು. ಸಾಲಗಾರನ ಮಾತನ್ನು ಉಳಿಸಿದ ಅದೇ ಒಕ್ಕೂಟಪರ ನಿಲುವು ಇಲ್ಲಿ ಗುಲಾಮರ ಒಡೆಯರಿಗೆ ನೆರವಾಯಿತು. ಈ ತೀರ್ಪು ಇಂದಿಗೂ ತೀವ್ರ ಟೀಕೆಗೆ ಒಳಗಾಗಿದೆ.

ಗ್ರಂಥಗಳು ಮತ್ತು ಪರಂಪರೆ

೧೮೨೯ರಿಂದ ಸ್ಟೋರಿ ನ್ಯಾಯಾಧೀಶರಾಗಿದ್ದುಕೊಂಡೇ ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಸಂವಿಧಾನ (೧೮೩೩), ಕಾನೂನುಗಳ ಸಂಘರ್ಷ (೧೮೩೪), ಹುಂಡಿ (೧೮೪೩) ಹಾಗೂ ಪ್ರಾಮಿಸರಿ ನೋಟುಗಳನ್ನು (೧೮೪೫) ಕುರಿತು ಅವರು ವ್ಯಾಖ್ಯಾನ ಗ್ರಂಥಗಳನ್ನು ರಚಿಸಿದರು. ಕೇಂಬ್ರಿಡ್ಜ್‌ನಲ್ಲಿ ನಿಧನರಾದ ಅವರ ಸಮಾಧಿ ಮೌಂಟ್ ಆಬರ್ನ್ ಸ್ಮಶಾನದಲ್ಲಿದೆ.

ಸ್ವಿಫ್ಟ್ ತೀರ್ಪು ೯೬ ವರ್ಷ ಜಾರಿಯಲ್ಲಿತ್ತು. ಒಂದೇ ವ್ಯಾಜ್ಯಕ್ಕೆ ರಾಜ್ಯದ ನ್ಯಾಯಾಲಯದಲ್ಲಿ ಒಂದು, ಒಕ್ಕೂಟದ ನ್ಯಾಯಾಲಯದಲ್ಲಿ ಇನ್ನೊಂದು ಉತ್ತರ ದೊರೆಯುವ ಸ್ಥಿತಿ ಅದರಿಂದ ಉಂಟಾಗಿತ್ತು. ೧೯೩೮ರಲ್ಲಿ ಈರಿ ರೈಲ್‌ರೋಡ್ ವಿರುದ್ಧ ಟಾಂಪ್‌ಕಿನ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಆದರೂ ಹಳೆಯ ಸಾಲವನ್ನು ಪ್ರತಿಫಲವೆಂದು ಪರಿಗಣಿಸುವ ನಿಯಮವು, ರಾಜ್ಯಗಳೇ ಅಂಗೀಕರಿಸಿರುವ ಏಕರೂಪ ವಾಣಿಜ್ಯ ಸಂಹಿತೆಯಲ್ಲಿ ಉಳಿದುಬಂದಿದೆ.