ಸಂತ ಜೆರೋಮ್: ದೇವರ ವಾಕ್ಯ, ಮಾನವರ ಮಾತು

ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಪವಿತ್ರ ಬೈಬಲನ್ನು ಲತೀನ್ ಭಾಷೆಗೆ ತಂದ ಪಂಡಿತರೆಂದು ಅವರನ್ನು ಬಲ್ಲೆವು. ಆದರೆ ಇವರಿಗೆ ಮೊದಮೊದಲು ಬೈಬಲ್ ಓದಲು ಮನಸ್ಸೇ ಬರುತ್ತಿರಲಿಲ್ಲ!

ಸುಮಾರು 347ರಲ್ಲಿ ಸ್ತ್ರಿದೋನ್ ಎಂಬ ಊರಿನಲ್ಲಿ ಹುಟ್ಟಿದ ಜೆರೋಮ್, ರೋಮಿನಲ್ಲಿ ಸಿಸೆರೋ, ವರ್ಜಿಲರ ಸಾಹಿತ್ಯ ಓದಿ ಬೆಳೆದವರು. ಆ ನಯವಾದ ಲತೀನಿನ ಮುಂದೆ ಪ್ರವಾದಿಗಳ ಮಾತು ಅವರಿಗೆ ಒರಟಾಗಿ ಕೇಳಿಸಿತು. ಕಾಯಿಲೆ ಬಿದ್ದಾಗ ಕಂಡ ಕನಸಿನಲ್ಲಿ, ನ್ಯಾಯಾಸನದ ಮುಂದೆ ತಾನು ಕ್ರೈಸ್ತನೆಂದು ಹೇಳಿಕೊಂಡ ಅವರಿಗೆ, ಆತ ಕ್ರಿಸ್ತರವನಲ್ಲ, ಸಿಸೆರೋನವನು ಎಂಬ ತೀರ್ಪು ಸಿಕ್ಕಿತಂತೆ. ಬಳಿಕ ಸಿರಿಯಾದ ಮರುಭೂಮಿಯಲ್ಲಿ, ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನ ಬಳಿ ಹೀಬ್ರೂ ಕಲಿಯತೊಡಗಿದರು. ಬೇಸತ್ತು ಎಷ್ಟೋ ಸಲ ಬಿಟ್ಟು, ಮತ್ತೆ ಹಿಡಿದರು.

382ರಲ್ಲಿ ರೋಮಿಗೆ ಮರಳಿ, ಜಗದ್ಗುರು ದಮಾಸುಸರ ಕೋರಿಕೆಯಂತೆ ಶುಭಸಂದೇಶಗಳ ಲತೀನ್ ಪಾಠವನ್ನು ತಿದ್ದಿದರು. 384ರಲ್ಲಿ ಜಗದ್ಗುರುಗಳು ತೀರಿಕೊಂಡ ಮೇಲೆ, ಹರಿತ ನಾಲಿಗೆಯ ಜೆರೋಮರಿಗೆ ಅಲ್ಲಿ ನೆಲೆ ಉಳಿಯಲಿಲ್ಲ. 386ರಿಂದ ಬೆತ್ಲೆಹೇಮಿನಲ್ಲಿ ವಾಸ. ಸಂತ ಪೌಲಾ ತಮ್ಮ ಆಸ್ತಿಯಿಂದ ಅಲ್ಲಿ ಮಠಗಳನ್ನು ಕಟ್ಟಿಸಿದರು. ಬರಾನಿನ ಎಂಬ ಯೆಹೂದ್ಯ ಗುರು ತನ್ನವರಿಗೆ ಹೆದರಿ ರಾತ್ರಿ ಹೊತ್ತು ಬಂದು ಹೀಬ್ರೂ ಪಾಠ ಹೇಳುತ್ತಿದ್ದ.

ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದ ಎಪ್ಪತ್ತು ಮಂದಿ ಬೇರೆಬೇರೆ ಕೋಣೆಗಳಲ್ಲಿ ಕುಳಿತರೂ ಅಕ್ಷರ ತಪ್ಪದೆ ಒಂದೇ ರೀತಿ ಬರೆದರೆಂಬ ಕಥೆ ಆಗ ಪ್ರಚಲಿತವಾಗಿತ್ತು. ಸಂತ ಅಗಸ್ಟೀನರಿಗೂ ಆ ಅನುವಾದ ದೈವಪ್ರೇರಿತವೇ. ಹಾಗಿದ್ದರೆ ಮತ್ತೆ ಹೀಬ್ರೂ ಮೂಲಕ್ಕೆ ಹೋಗುವುದು ಉದ್ಧಟತನವಲ್ಲವೇ? ಜೆರೋಮ್ ಒಪ್ಪಲಿಲ್ಲ. ಪ್ರವಾದಿಯೇ ಬೇರೆ, ಅನುವಾದಕನೇ ಬೇರೆ. ಅನುವಾದಕನಿಗೆ ಬೇಕಾದುದು ಭಾಷಾಜ್ಞಾನ ಎಂದು ವಾದಿಸಿದರು. ಪ್ರವಾದಿಗಳಲ್ಲಿಯೂ ಪವಿತ್ರಾತ್ಮರು ಮನುಷ್ಯನನ್ನು ಅಳಿಸಿಹಾಕಿರಲಿಲ್ಲ ಎಂಬುದನ್ನು ಅವರ ಕಿವಿ ಗುರುತಿಸಿತು. ಯೆಶಾಯನದು ಕುಲೀನನ ನಾಗರಿಕ ಶೈಲಿ. ಮಂದೆ ಕಾಯುತ್ತಿದ್ದ ಆಮೋಸನಿಗೆ ದೇವರ ಕೋಪವೆಂದರೆ ಸಿಂಹದ ಗರ್ಜನೆ. ಅನಾತೋತಿನ ಯೆರೆಮೀಯನದು ಹಳ್ಳಿಯ ಮಾತು. ಆದರೂ ಅರ್ಥದಲ್ಲಿ ಯಾರಿಗೂ ಕಡಿಮೆಯಲ್ಲ, ಏಕೆಂದರೆ ಆತ್ಮರು ಒಬ್ಬರೇ. ಒಂದು ಕಾಲಕ್ಕೆ ಒರಟೆನಿಸಿದ್ದ ಮಾತಿನಲ್ಲೇ ಜೆರೋಮ್ ಇದನ್ನು ಕಂಡರು.

ಆದರೆ ಜನ ಕೇಳಬೇಕಲ್ಲ! ಉತ್ತರ ಆಫ್ರಿಕದ ಓಯಾ ಪಟ್ಟಣದಲ್ಲಿ, ಅಂದರೆ ಇಂದಿನ ಟ್ರಿಪೊಲಿಯಲ್ಲಿ, ಅವರ ಅನುವಾದದ ಯೋನನ ಗ್ರಂಥವನ್ನು ದೇವಾಲಯದಲ್ಲಿ ಓದಿದಾಗ ಗಲಭೆಯೇ ಎದ್ದಿತು. ಯೋನನಿಗೆ ನೆರಳು ಕೊಟ್ಟ ಸೋರೆಬಳ್ಳಿ ಅಲ್ಲಿ ಐವಿ ಬಳ್ಳಿಯಾಗಿತ್ತು, ಅಷ್ಟೇ. ಪೂಜೆಯ ಪ್ರಾರ್ಥನೆಯಲ್ಲಿ ಒಂದು ಪದ ಬದಲಾದರೆ ನಮ್ಮ ಧರ್ಮಕೇಂದ್ರಗಳಲ್ಲಿ ಏಳುವ ಗೊಣಗಾಟ ಬಲ್ಲವರಿಗೆ ಇದು ಅಚ್ಚರಿಯಲ್ಲ. ಭಕ್ತರೆಲ್ಲ ಬಿಟ್ಟು ಹೋಗುವ ಭಯದಿಂದ ಧರ್ಮಾಧ್ಯಕ್ಷರು ಪದವನ್ನು ಮತ್ತೆ ಬದಲಿಸಿದರು. 403ರಲ್ಲಿ ಅಗಸ್ಟೀನರು ಇದನ್ನು ಪತ್ರದಲ್ಲಿ ತಿಳಿಸಿದಾಗ ಜೆರೋಮ್ ಸೋಲಲಿಲ್ಲ: ಹೀಬ್ರೂವಿನ ಆ ಗಿಡಕ್ಕೆ ಲತೀನಿನಲ್ಲಿ ಹೆಸರೇ ಇಲ್ಲವೆಂದು ಉತ್ತರಿಸಿದರು.

ಸುಮಾರು 405ರ ಹೊತ್ತಿಗೆ ಹೀಬ್ರೂ ಗ್ರಂಥಗಳ ಅನುವಾದ ಮುಗಿಯಿತು. 420ರಲ್ಲಿ ಬೆತ್ಲೆಹೇಮಿನಲ್ಲಿ ಅವರು ಮರಣ ಹೊಂದಿದಾಗ ಮೇಜಿನ ಮೇಲೆ ಯೆರೆಮೀಯನ ವ್ಯಾಖ್ಯಾನವಿತ್ತು, 32ನೇ ಅಧ್ಯಾಯಕ್ಕೆ ನಿಂತುಹೋಗಿ.