ಕೋತಿ ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ

ಆಲ್ಫ್ರೆಡ್ ಡ್ರೈಫಸ್ ಹುಟ್ಟಿದ್ದು 1859ರಲ್ಲಿ, ಫ್ರಾನ್ಸಿನ ಮುಲೂಸ್ ಎಂಬ ಊರಿನಲ್ಲಿ. ಮನೆಯವರು ಬಟ್ಟೆ ಗಿರಣಿ ನಡೆಸುತ್ತಿದ್ದ ಯಹೂದಿಗಳು. ಹುಡುಗನಿಗೆ ಹನ್ನೊಂದು ವರ್ಷವಾದಾಗ ಜರ್ಮನರು ಯುದ್ಧ ಗೆದ್ದು ಆ ಊರನ್ನೇ ಕಿತ್ತುಕೊಂಡರು. ಮುಂದೆ ಆತ ಫ್ರಾನ್ಸಿನ ಸೈನ್ಯ ಸೇರಿ ಕ್ಯಾಪ್ಟನ್ ಆದ.

1894ರಲ್ಲಿ ಪ್ಯಾರಿಸ್‌ನ ಜರ್ಮನ್ ರಾಯಭಾರ ಕಚೇರಿಯಿಂದ ಹರಿದ ಕಾಗದವೊಂದು ಫ್ರೆಂಚರ ಕೈಗೆ ಸಿಕ್ಕಿತು. ಯಾರೋ ಸೈನ್ಯದ ಗುಟ್ಟುಗಳನ್ನು ಮಾರುತ್ತಿದ್ದರು. ಕೆಳಗೆ ಹೆಸರಿಲ್ಲ. ಅಕ್ಷರ ಡ್ರೈಫಸ್‌ನದೇ ಇದ್ದ ಹಾಗಿದೆ ಅಂತ ಹಿಡಿದೇಬಿಟ್ಟರು. ಯಹೂದಿ ಅನ್ನೋದೂ ಸೇರಿಕೊಂಡಿತು, ಮತ್ತೆ ಹೆಚ್ಚು ಹುಡುಕಲಿಲ್ಲ. ವಕೀಲನಿಗೂ ತೋರಿಸದ ಕಾಗದಗಳನ್ನು ನ್ಯಾಯಾಧೀಶರಿಗೆ ಗುಟ್ಟಾಗಿ ಕೊಟ್ಟರು. ಇದೆಂಥ ನ್ಯಾಯ! 1895ರ ಜನವರಿ 5ರಂದು ಸೈನಿಕ ಶಾಲೆಯ ಅಂಗಳದಲ್ಲಿ ಅವನ ಅಂಗಿಯ ಗುಂಡಿ ಕಿತ್ತು, ಕತ್ತಿ ಮುರಿದರು. ತಾನು ನಿರಪರಾಧಿ ಎಂದು ಆತ ಕೂಗುತ್ತಲೇ ಇದ್ದ.

ಆಮೇಲೆ ದಕ್ಷಿಣ ಅಮೆರಿಕದ ಕರಾವಳಿಯ ದೆವ್ವದ ದ್ವೀಪಕ್ಕೆ ಕಳಿಸಿದರು. ಒಂದೇ ಗುಡಿಸಲು, ಸುಡುಬಿಸಿಲು. ಕಾವಲುಗಾರರು ಅವನ ಜೊತೆ ಮಾತಾಡೋ ಹಾಗಿಲ್ಲ. ಜನ ಮರೆಯಬಾರದು ಅಂತ 1896ರಲ್ಲಿ ಅಣ್ಣ ಮ್ಯಾಥ್ಯೂ, ತಮ್ಮ ತಪ್ಪಿಸಿಕೊಂಡಿದ್ದಾನೆ ಎಂಬ ಸುಳ್ಳು ಸುದ್ದಿಯನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಹಾಕಿಸಿದ. ಪಾಪ, ಒಳ್ಳೇದಕ್ಕೇ ಮಾಡಿದ್ದು. ಆದರೆ ಅಧಿಕಾರಿಗಳು ಹೆದರಿ, ರಾತ್ರಿ ಹೊತ್ತು ಡ್ರೈಫಸ್‌ನ ಕಾಲನ್ನು ಮಂಚಕ್ಕೆ ಬೇಡಿ ಹಾಕಿ ಬಿಗಿದರು. ಗುಡಿಸಲ ಸುತ್ತ ಎತ್ತರದ ಬೇಲಿ ಕಟ್ಟಿದರು, ಸಮುದ್ರವೂ ಕಾಣದಂತಾಯ್ತು. ಯಾಕೆ ಈ ಶಿಕ್ಷೆ ಅಂತ ಅವನಿಗೆ ಯಾರೂ ಹೇಳಲಿಲ್ಲ.

ಅದೇ ವರ್ಷ ಪಿಕಾರ್ ಎಂಬ ಅಧಿಕಾರಿ ನಿಜ ಕಂಡುಹಿಡಿದ. ಆ ಅಕ್ಷರ ಎಸ್ಟರ್‌ಹಾಜಿ ಎಂಬ ಮೇಜರನದು! ಮೇಲಿನವರು ಪಿಕಾರ್‌ನನ್ನೇ ದೂರದ ಟ್ಯುನೀಷಿಯಾಕ್ಕೆ ಅಟ್ಟಿದರು. 1898ರ ಜನವರಿಯಲ್ಲಿ ಎಸ್ಟರ್‌ಹಾಜಿಯನ್ನು ವಿಚಾರಣೆ ಮಾಡಿದ ಹಾಗೆ ಮಾಡಿ ಬಿಟ್ಟುಬಿಟ್ಟರು. ಎರಡೇ ದಿನಕ್ಕೆ ಕಾದಂಬರಿಕಾರ ಎಮಿಲ್ ಜೋಲಾ ಪತ್ರಿಕೆಯಲ್ಲಿ ತಪ್ಪಿತಸ್ಥರ ಹೆಸರು ಹಿಡಿದು ಬರೆದ. ಅವನಿಗೂ ಜೈಲು ಶಿಕ್ಷೆ! ಇಂಗ್ಲೆಂಡಿಗೆ ಓಡಬೇಕಾಯ್ತು.

1899ರಲ್ಲಿ ಮರುವಿಚಾರಣೆಯಲ್ಲೂ ಡ್ರೈಫಸ್ ಅಪರಾಧಿ ಅಂದರು, ಆಮೇಲೆ ಕ್ಷಮಾದಾನ ಕೊಟ್ಟರು. ಮಾಡದ ತಪ್ಪಿಗೆ ಕ್ಷಮೆ! ಮೈ ಸೋತಿದ್ದ ಆತ ಒಪ್ಪಿಕೊಂಡು ಹೆಂಡತಿ ಲೂಸಿ, ಇಬ್ಬರು ಮಕ್ಕಳ ಹತ್ತಿರ ಹೋದ. ನಿರಪರಾಧಿ ಎಂಬ ತೀರ್ಪು ಬಂದದ್ದು 1906ರ ಜುಲೈ 12ಕ್ಕೆ. ಮೇಜರ್ ಹುದ್ದೆ ಕೊಟ್ಟು, ಕತ್ತಿ ಮುರಿದಿದ್ದ ಅದೇ ಸೈನಿಕ ಶಾಲೆಯಲ್ಲಿ ಪದಕ ತೊಡಿಸಿದರು. ಮೊದಲನೇ ಮಹಾಯುದ್ಧದಲ್ಲೂ ಆತ ಫ್ರಾನ್ಸಿಗಾಗಿ ದುಡಿದು 1935ರಲ್ಲಿ ತೀರಿಕೊಂಡ.

ಎಸ್ಟರ್‌ಹಾಜಿ ಇಂಗ್ಲೆಂಡಿಗೆ ಓಡಿಹೋಗಿ, ಹೆಸರು ಬದಲಿಸಿಕೊಂಡು, 1923ರವರೆಗೆ ಅಲ್ಲೇ ಇದ್ದು ಸತ್ತ. ಆ ಕಾಗದಕ್ಕಾಗಿ ಅವನಿಗೆ ಒಂದು ದಿನದ ಶಿಕ್ಷೆಯೂ ಆಗಲಿಲ್ಲ.