ಸೋರಿಹೋಗುವ ಶಾಖವನ್ನು ಹಿಡಿದ ರಮ್‌ಫರ್ಡ್

ಒಂದು ಕಡಲೆಬೀಜವನ್ನು ಸೂಜಿಗೆ ಚುಚ್ಚಿ ಉರಿಸಿ, ತಗಡಿನ ಡಬ್ಬಿಯಲ್ಲಿ 100 ಮಿಲಿ ನೀರು ಕಾಯಿಸಿದೆ. ಅರ್ಧ ಗ್ರಾಂ ಬೀಜಕ್ಕೆ ಲೆಕ್ಕದ ಪ್ರಕಾರ ಸುಮಾರು 28 ಡಿಗ್ರಿ ಏರಬೇಕು. ಏರಿದ್ದು ಬರೀ 9! ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡೆ. ಡಬ್ಬಿಯ ಪಕ್ಕ ಕೈ ಹಿಡಿದು ನೋಡು ಅಂದರು ಮೇಷ್ಟ್ರು. ಕೈ ಚುರ್ ಅಂತು. ಶಾಖವೆಲ್ಲ ಅಲ್ಲಿ ಸೋರಿಹೋಗ್ತಾ ಇತ್ತು. ಈ ಸೋರಿಕೆಯ ಹಿಂದೆ ಬಿದ್ದವರು ಕೌಂಟ್ ರಮ್‌ಫರ್ಡ್.

ಕೌಂಟ್ ಅನ್ನೋದು ಆಮೇಲೆ ಸಿಕ್ಕ ಬಿರುದು. ನಿಜವಾದ ಹೆಸರು ಬೆಂಜಮಿನ್ ಥಾಂಪ್ಸನ್. ಹುಟ್ಟಿದ್ದು 1753ರಲ್ಲಿ, ಅಮೆರಿಕದಲ್ಲಿ. ಅಲ್ಲಿಯವರು ಬ್ರಿಟಿಷರ ವಿರುದ್ಧ ಎದ್ದಾಗ ಇವರು ಬ್ರಿಟಿಷರ ಕಡೆ ಗೂಢಚಾರಿಕೆ ಮಾಡಿ, ಹೆಂಡತಿ ಮಗಳನ್ನು ಬಿಟ್ಟು 1776ರಲ್ಲಿ ಇಂಗ್ಲೆಂಡಿಗೆ ಹೋದರು. ಇದು ನನಗೇನೂ ಹಿಡಿಸಲಿಲ್ಲ.

ಮುಂದೆ ಬವೇರಿಯದ ದೊರೆಯ ಸೇವೆಗೆ ಸೇರಿದರು. ಮ್ಯೂನಿಕ್ ನಗರದಲ್ಲಿ ಭಿಕ್ಷುಕರಿಗೆ ಕೆಲಸ, ಊಟ ಕೊಡಿಸಿದರು. ಅಷ್ಟು ಜನಕ್ಕೆ ಬೇಯಿಸಲು ಸೌದೆ ಎಷ್ಟು ಬೇಕು! ತೆರೆದ ಒಲೆಯ ಶಾಖ ಬಹುಪಾಲು ಪಾತ್ರೆಗೆ ತಾಗದೆ ಹೊರಗೆ ಹೋಗುವುದನ್ನು ಕಂಡು ಸುತ್ತ ಮುಚ್ಚಿದ ಒಲೆಗಳನ್ನು ಕಟ್ಟಿಸಿದರು. ಫಿರಂಗಿ ಕೊರೆಯುವ ತಿಕ್ಕಾಟದಿಂದಲೇ, ಬೆಂಕಿಯಿಲ್ಲದೆ, ನೀರು ಕುದಿಸಿ ತೋರಿಸಿದ್ದನ್ನು 1798ರಲ್ಲಿ ಪ್ರಕಟಿಸಿದರು.

ಕೊನೆಗಾಲ ಪ್ಯಾರಿಸ್ ಕಡೆ. ವಿಜ್ಞಾನಿ ಲೆವಾಸಿಯೆಯ ವಿಧವೆಯನ್ನು ಮದುವೆಯಾಗಿ, ಜಗಳವಾಡಿ ಬೇರೆಯಾದರು. ಅಲ್ಲಿದ್ದಾಗಲೇ ಸೌದೆ, ಎಣ್ಣೆ, ಮೇಣ ಉರಿಸಿದರೆ ಎಷ್ಟು ಶಾಖ ಅಂತ ಅಳೆಯಲು ತಾಮ್ರದ ಕ್ಯಾಲೋರಿಮೀಟರ್ ಮಾಡಿಸಿದರು. ಬಿಸಿ ಹೊಗೆ ಸುಮ್ಮನೆ ಮೇಲೆ ಹೋಗಬಾರದು. ಅದಕ್ಕೇ ಹಾವಿನಂತೆ ಸುತ್ತಿದ ಕೊಳವೆಯಲ್ಲಿ ಅದನ್ನು ನೀರಿನೊಳಗೆ ಹಾಯಿಸಿದರು. ಅಷ್ಟಾದರೂ ಕಾದ ಪೆಟ್ಟಿಗೆ ಸುತ್ತಲಿನ ಗಾಳಿಗೆ ಶಾಖ ಕೊಟ್ಟೇ ಕೊಡುತ್ತೆ. ಅದಕ್ಕೆ ಹೂಡಿದ ಉಪಾಯ ನೋಡಿ. ಕೋಣೆ 28 ಡಿಗ್ರಿ ಇದ್ದರೆ, ನೀರನ್ನು 23ರಿಂದ ಶುರುಮಾಡಿ 33ಕ್ಕೆ ನಿಲ್ಲಿಸೋದು. ಮೊದಲ ಅರ್ಧದಲ್ಲಿ ಗಾಳಿಯೇ ನೀರಿಗೆ ಶಾಖ ಕೊಡುತ್ತೆ, ಆಮೇಲಿನ ಅರ್ಧದಲ್ಲಿ ವಾಪಸ್ ತಗೊಳ್ಳುತ್ತೆ. ಕೊಟ್ಟದ್ದು ತಗೊಂಡದ್ದು ವಜಾ! ಆದರೆ ನೀರು ಒಂದೇ ಸಮನೆ ಕಾಯಬೇಕು. ಬಿಸಿಯಾಗಿ ಹೆಚ್ಚು ಹೊತ್ತು ನಿಂತರೆ ಲೆಕ್ಕ ತಪ್ಪುತ್ತೆ. ಪಾತ್ರೆ ತಾನೂ ಕುಡಿಯುವ ಶಾಖವನ್ನು ಬೇರೆ ಸೇರಿಸಬೇಕು.

1814ರಲ್ಲಿ ಪ್ಯಾರಿಸ್ ಬಳಿಯ ಒತೈ ಎಂಬಲ್ಲಿ ತೀರಿಕೊಂಡರು.

ನಾನೂ ಮಡಕೆಯ ತಣ್ಣೀರಿನಿಂದ ಶುರುಮಾಡಿ ನೋಡಿದೆ. 10 ಡಿಗ್ರಿ ಏರಿತು, ಅಷ್ಟೆ. ನನ್ನ ಡಬ್ಬಿಯಲ್ಲಿ ದೊಡ್ಡ ಸೋರಿಕೆ ಇದ್ದದ್ದು ಉರಿಯ ಪಕ್ಕದಲ್ಲಿ. ಸುತ್ತ ತಗಡು ಮರೆಮಾಡಿ ಇನ್ನೊಂದು ಬೀಜ ಉರಿಸಿದೆ, 15ಕ್ಕೆ ಬಂತು. ಡಬ್ಬಿಯ ತಳಕ್ಕೆ ಮಸಿ ಹಿಡಿದಿತ್ತು. ಅಂದರೆ ಬೀಜ ಪೂರ್ತಿ ಉರಿದೇ ಇಲ್ಲ.